ಲೆಕ್ಕವೂ ಸಾಕ್ಷಿಯೂ

ಇಬ್ಬರು ಪಾಲುಗಾರರಿರುವ ವ್ಯಾಪಾರದಲ್ಲಿ ಒಬ್ಬನ ಲೆಕ್ಕವನ್ನು ಇನ್ನೊಬ್ಬನು ನೋಡುತ್ತಾನೆ. ಸಹಕಾರ ಸಂಘವಾದರೆ ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕನು ಬಂದು ಓಚರುಗಳನ್ನು ತಿರುವಿಹಾಕುತ್ತಾನೆ. ಆದರೆ ತಾನೇ ಧಣಿಯೂ ತಾನೇ ಆಳೂ ತಾನೇ ಗುಮಾಸ್ತನೂ ಆಗಿರುವ ಒಬ್ಬಂಟಿ ವ್ಯಾಪಾರಿಯ ಲೆಕ್ಕಕ್ಕೆ ಸಾಕ್ಷಿಯಾಗತಕ್ಕವರು ಯಾರು? ಹಳಿಯಾಳದ ಪೇಟೆಯಲ್ಲಿ ಹೊಲಿಗೆ ಯಂತ್ರವೊಂದನ್ನು ಇಟ್ಟುಕೊಂಡಿರುವ ಹೆಣ್ಣುಮಗಳು, ಜೋಯಿಡಾದ ಕಾಡಂಚಿನಲ್ಲಿ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟು ಹೋಂಸ್ಟೇ ನಡೆಸುವ ಗೃಹಸ್ಥ, ದಾಂಡೇಲಿಯಲ್ಲಿ ಸ್ವಂತ ಜೀಪನ್ನು ಬಾಡಿಗೆಗೆ ಓಡಿಸುವವನು, ಚಳಿಗಾಲ ಬಂದೊಡನೆ ಮುಂಡಗೋಡದ ಟಿಬೆಟನ್ ಕಾಲನಿಯಿಂದ ಸ್ವೆಟರುಗಳ ಗಂಟನ್ನು ಕಟ್ಟಿಕೊಂಡು ಊರೂರಿಗೆ ಹೊರಡುವವರು, ಇವರೆಲ್ಲರೂ ಈಚೆಗೆ ಕೇಳತೊಡಗಿರುವ ಪ್ರಶ್ನೆಯೊಂದುಂಟು: ಕಡಿಮೆ ಖರ್ಚಿನಲ್ಲಿ ಲೆಕ್ಕ ಇಡುವುದಕ್ಕೆ ಯಾವ ತಂತ್ರಾಂಶ ಒಳ್ಳೆಯದು? ಇದಕ್ಕೆ ಉತ್ತರ ಹೇಳಹೊರಟರೆ ಬೆಲೆಪಟ್ಟಿಗಿಂತ ಮೊದಲು ಆ ಸಾಕ್ಷಿಯ ವಿಚಾರವೇ ಎದುರು ಬಂದು ನಿಲ್ಲುತ್ತದೆ. ಆದುದರಿಂದ ಅದನ್ನು ಧರ್ಮಜಿಜ್ಞಾಸೆಯ ವಿಷಯವಾಗಿಯೇ ಎತ್ತಿಕೊಳ್ಳುವುದು ಯುಕ್ತವೆಂದು ನನ್ನ ಮತ.

ಈ ಸೀಮೆಯವರಿಗೆ ಇದು ಹೊಸ ಮಾತಾಗಬಾರದು. ಮಾಘಮಾಸದಲ್ಲಿ ಧಾರವಾಡ ಬೆಳಗಾವಿಗಳ ಕಡೆಯಿಂದ ಹೊರಟ ಚಕ್ಕಡಿಗಳು ಕಾಡಿನ ಹಾದಿಯಲ್ಲಿ ಸಾಗಿ ಸೇರುವ ಉಳವಿಯು ಜೋಯಿಡಾ ತಾಲೂಕಿನಲ್ಲಿಯೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಕ್ಷೋಭೆಗೊಂಡ ಮೇಲೆ ಶರಣಸಮೂಹದೊಡನೆ ಬಂದ ಚನ್ನಬಸವಣ್ಣನು ಐಕ್ಯನಾದದ್ದು ಅಲ್ಲಿಯೇ ಎಂಬುದು ಪರಂಪರೆಯ ನಂಬಿಕೆ. ಆ ಶರಣರಲ್ಲಿ ಹಗ್ಗ ಹೊಸೆದು ಬದುಕಿದ ನುಲಿಯ ಚಂದಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಸೌದೆ ಮಾರಿದ ಮೋಳಿಗೆಯ ಮಾರಯ್ಯ ಮುಂತಾದವರು ಒಬ್ಬೊಬ್ಬರೂ ತಮ್ಮ ಎರಡು ಕೈಗಳ ಕಾಯಕವನ್ನೇ ನೆಚ್ಚಿಕೊಂಡಿದ್ದವರು. ಬಸವಣ್ಣನಾದರೋ ಬಿಜ್ಜಳನ ಬಳಿ ಕರಣಿಕನಾಗಿ ಲೆಕ್ಕ ಬರೆಯುತ್ತ ಭಂಡಾರಿಯ ಪದವಿಗೇರಿದವನು. ಭಂಡಾರದ ಹೊನ್ನನ್ನು ಜಂಗಮರಿಗೆ ಸುರಿಯುತ್ತಿರುವನೆಂದು ಚಾಡಿಕೋರರು ದೂರಿದಾಗ ಅರಸನು ಲೆಕ್ಕ ಕೇಳಿದನೆಂದೂ, ಎಣಿಸಿ ನೋಡಲಾಗಿ ಒಂದು ಹೊನ್ನಿಗೂ ಕೊರತೆ ಬರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಪವಾಡದ ಅಂಶವನ್ನು ಬದಿಗಿಟ್ಟು ನೋಡಿದರೂ, ಭಕ್ತಿಯುಳ್ಳವನ ಕಡತವು ಯಾರು ಯಾವಾಗ ಬಿಚ್ಚಿ ನೋಡಿದರೂ ಸರಿಯಾಗಿರಬೇಕೆಂಬ ನಿರೀಕ್ಷೆಯು ಆ ಕಥೆಯಲ್ಲಿ ಅಡಗಿದೆ.

ಇದಕ್ಕಿಂತಲೂ ಆಳವಾದುದು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ. ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಗಂಡನು ಒಂದು ದಿನ ಎಂದಿನದಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಆಕೆ ಹಿಂದಕ್ಕೆ ಕಳುಹಿಸಿದಳಷ್ಟೆ. ನಾವು ಇದನ್ನು ನಿರ್ಲೋಭದ ನಿದರ್ಶನವೆಂದು ಕೊಂಡಾಡಿ ಸುಮ್ಮನಾಗುತ್ತೇವೆ. ಆದರೆ ದಿನದ ಅಳತೆ ಎಷ್ಟೆಂಬುದು ಆಕೆಗೆ ಖಚಿತವಾಗಿ ತಿಳಿದಿದ್ದುದರಿಂದಲ್ಲವೇ ಹೆಚ್ಚಿನದು ಹೆಚ್ಚೆಂದು ಕಣ್ಣಿಗೆ ಬಿದ್ದದ್ದು? ಎಷ್ಟು ಸಾಕೆಂದು ಅರಿಯದವನಿಗೆ ಎಷ್ಟು ಬಂದರೂ ಸಾಲದೆಂದೇ ತೋರುತ್ತದೆ. ಲೆಕ್ಕ ಹಾಕುವುದರಿಂದ ಲೋಭವು ಬೆಳೆಯುತ್ತದೆ, ಫಲಾಪೇಕ್ಷೆಯಿಲ್ಲದೆ ದುಡಿಯುವವನು ಫಲವನ್ನು ಎಣಿಸಲೂ ಬಾರದು ಎಂದು ವಾದಿಸುವವರುಂಟು. ಆದರೆ ಗೀತೆಯು ಬಿಡಹೇಳಿದ್ದು ಫಲದ ಮೇಲಣ ಆಸಕ್ತಿಯನ್ನು, ಫಲದ ಅರಿವನ್ನಲ್ಲ. ಎಣಿಸದೆ ಬಿಟ್ಟವನ ಮನಸ್ಸು ರಾತ್ರಿಯೆಲ್ಲ ಎಣಿಸುತ್ತಲೇ ಇರುತ್ತದೆ. ಬರೆದಿಟ್ಟವನು ಪುಸ್ತಕವನ್ನು ಮುಚ್ಚಿ ಮಲಗಬಲ್ಲನು.

ಮುಂಡಗೋಡದ ಕಾಲನಿಯಲ್ಲಿ ಈ ವಿಚಾರಕ್ಕೆ ಮತ್ತೊಂದು ಆಶ್ರಯವಿದೆ. 1959ರಲ್ಲಿ ದೇಶಭ್ರಷ್ಟರಾದ ಟಿಬೆಟನ್ನರಿಗೆ 1960ರ ದಶಕದಲ್ಲಿ ಇಲ್ಲಿ ನೆಲೆ ದೊರೆಯಿತು. ಗಾಡೆನ್ ಮತ್ತು ಡ್ರೆಪುಂಗ್ ಎಂಬ ಮಹಾವಿಹಾರಗಳು ಲಾಸಾದ ನೆರೆಯನ್ನು ಬಿಟ್ಟು ಇಲ್ಲಿಯ ಮೆಕ್ಕೆಜೋಳದ ಹೊಲಗಳ ನಡುವೆ ಮತ್ತೆ ತಲೆಯೆತ್ತಿದುವು. ಅಷ್ಟಾಂಗಮಾರ್ಗದಲ್ಲಿ ಸಮ್ಯಕ್ ಆಜೀವಕ್ಕೆ, ಎಂದರೆ ಧರ್ಮಸಮ್ಮತವಾದ ಜೀವನೋಪಾಯಕ್ಕೆ, ಪ್ರತ್ಯೇಕವಾದ ಸ್ಥಾನವಿರುವುದನ್ನು ಎಲ್ಲರೂ ಬಲ್ಲರು. ಅಂಗುತ್ತರ ನಿಕಾಯದಲ್ಲಿ ದೀಘಜಾಣು ಎಂಬ ಗೃಹಸ್ಥನಿಗೆ ಬುದ್ಧನು ಮಾಡಿದ ಉಪದೇಶವು ಅಷ್ಟು ಪ್ರಸಿದ್ಧವಲ್ಲ. ಹೆಂಡಿರು ಮಕ್ಕಳೊಡನೆ ಬಾಳುವ ತನಗೆ ಇಹದಲ್ಲಿಯೂ ಪರದಲ್ಲಿಯೂ ಹಿತವಾಗುವುದನ್ನು ಹೇಳಬೇಕೆಂದು ಅವನು ಬೇಡಿದಾಗ, ಭಗವಂತನು ಹೇಳಿದ ಸಂಗತಿಗಳಲ್ಲಿ ಸಮಜೀವನವೂ ಒಂದು: ತಕ್ಕಡಿ ಹಿಡಿದವನು ಯಾವ ತಟ್ಟೆ ಎಷ್ಟು ತಗ್ಗಿತು, ಯಾವುದು ಎಷ್ಟು ಏರಿತು ಎಂದು ಕಾಣುವಂತೆ, ಗೃಹಸ್ಥನು ತನ್ನ ಆಯವನ್ನೂ ವ್ಯಯವನ್ನೂ ಅರಿತು, ದುಂದು ಮಾಡದೆ ಜಿಪುಣನೂ ಆಗದೆ ಬಾಳತಕ್ಕದ್ದು. ತಕ್ಕಡಿಯನ್ನು ಹಿಡಿದ ಕೈ ಗೃಹಸ್ಥನದೇ ಆಗಿರಬೇಕೆಂಬುದು ಆ ಉಪದೇಶದಲ್ಲಿ ನನಗೆ ಮುಖ್ಯವಾಗಿ ಕಾಣುತ್ತದೆ. ನಾನು ಹೇಳಬೇಕೆಂದಿರುವುದೂ ಅಷ್ಟೇ: ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಬಹುದು, ಸಾಕ್ಷಿತ್ವವನ್ನು ಒಪ್ಪಿಸಲಾಗದು, ಆದುದರಿಂದ ಒಡೆಯನು ತಾನೇ ಓದಿ ಅರ್ಥಮಾಡಿಕೊಳ್ಳಲಾಗದ ತಂತ್ರಾಂಶವು ಪುಕ್ಕಟೆಯಾಗಿ ಬಂದರೂ ದುಬಾರಿಯೇ.

ಒಡೆಯನು ತಾನೇ ಓದಿ ಸಾಕ್ಷಿಯಾಗಬಲ್ಲ ಈ ಗುಣವು ಹಳೆಯ ಕಿರ್ದಿಯಲ್ಲಿದ್ದಿತು. ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು ಮಾಡಿದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದ ಕಾಲದಿಂದಲೂ ಪುಟದ ನೆತ್ತಿಯಲ್ಲಿ ಶ್ರೀಕಾರ ಬೀಳದೆ ಲೆಕ್ಕ ಆರಂಭವಾಗುತ್ತಿರಲಿಲ್ಲ. ಕಣದಲ್ಲಿ ಕಾಳನ್ನು ಅಳೆಯುವವನು ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುತ್ತಿದ್ದನು. 1494ರಲ್ಲಿ ವೆನಿಸ್ ನಗರದಲ್ಲಿ ಜಮಾ ಖರ್ಚುಗಳ ಇಮ್ಮಡಿ ಪದ್ಧತಿಯನ್ನು ಮೊದಲ ಬಾರಿಗೆ ಅಚ್ಚಿನಲ್ಲಿ ವಿವರಿಸಿದ ಲೂಕಾ ಪಚೋಲಿಯೂ ಸಂನ್ಯಾಸಿಯೇ. ಪುಸ್ತಕವನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು ಅವನೂ ವರ್ತಕರಿಗೆ ಹೇಳಿದನು. ಹಳಿಯಾಳದ ಆ ಹೊಲಿಗೆಯಾಕೆಯ ಉದ್ದನೆಯ ನೋಟುಬುಕ್ಕು ಇದೇ ವಂಶದ್ದು. ಎಡಗಡೆ ಜಮಾ, ಬಲಗಡೆ ಖರ್ಚು. ಮೇಲೆ ಆರಂಭ ಶಿಲ್ಕು. ಅದರ ಕೆಳಗೆ ಬ್ಲೌಸು ಎರಡು, ಫಾಲ್ ಪಿಕೋ ಒಂದು, ಶಾಲೆಯ ಸಮವಸ್ತ್ರ ಒಂದು ಜೊತೆ. ಆಚೆ ದಾರದ ಉಂಡೆ, ಹುಕ್ಕು, ಯಂತ್ರಕ್ಕೆ ಎಣ್ಣೆ, ಮಗುವಿನ ಔಷಧ. ಕೊನೆಯದನ್ನು ಬರೆದು, ಅದರ ಸುತ್ತ ಒಂದು ದುಂಡನೆಯ ಗೆರೆ ಎಳೆದಿದ್ದಾಳೆ. ಅದು ಅಂಗಡಿಯ ಖರ್ಚಲ್ಲ, ಮನೆಯದು, ಅಂಗಡಿಯ ಗಲ್ಲೆಯಿಂದ ಹೋದದ್ದು ಎಂಬುದಕ್ಕೆ ಅದೇ ಗುರುತು. ಲೆಕ್ಕಶಾಸ್ತ್ರದ ಪಾಠವನ್ನು ಎಂದೂ ಕೇಳದವಳ ಈ ಗೆರೆಯಲ್ಲಿ ಆ ಶಾಸ್ತ್ರದ ಅರ್ಧಭಾಗವಿದೆ.

ಗೆರೆ ಎಳೆಯದವರಿಗೆ ಏನಾಗುತ್ತದೆಂಬುದನ್ನು 2025ರಲ್ಲಿ ಕರ್ನಾಟಕವೆಲ್ಲ ಕಂಡಿತು. ಯುಪಿಐ ಮೂಲಕ ಖಾತೆಗೆ ಬಂದ ಮೊತ್ತಗಳನ್ನು ಕೂಡಿಸಿ ನೋಡಿದ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವರ್ತಕರಿಗೆ ನೋಟೀಸು ಕಳುಹಿಸಿತು. ಮುಂಡಗೋಡಕ್ಕೆ ನೆರೆಯಾದ ಹಾವೇರಿಯಲ್ಲಿ ತರಕಾರಿ ಮಾರುವವರೊಬ್ಬರಿಗೆ 29 ಲಕ್ಷ ರೂಪಾಯಿಯ ಬೇಡಿಕೆ ಬಂದಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೆ ಫೋನಿನೊಳಗೆ ಬಿದ್ದ ಹಣದಲ್ಲಿ ಮಾರಾಟದ್ದೆಷ್ಟು, ಸೋದರನು ಕೊಟ್ಟ ಕೈಗಡವೆಷ್ಟು, ಮಗಳ ಮದುವೆಗೆ ಬಂಧುಗಳು ಕಳುಹಿಸಿದ್ದೆಷ್ಟು ಎಂಬುದನ್ನು ಬ್ಯಾಂಕಿನ ಪಟ್ಟಿಯು ಹೇಳದು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಚೀಟಿಯನ್ನು ಕಿತ್ತು, ನಗದು ಮಾತ್ರವೆಂದು ಬರೆದು ಅಂಟಿಸಿದರು. ಜುಲೈ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಸಭೆ ಕರೆದು, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ತಿಳಿಸಿದ ಮೇಲೆ ಗದ್ದಲ ಅಡಗಿತು. ಬಡವರ್ತಕರ ಸಂಕಟವನ್ನು ಕಂಡು ನೊಂದವರಲ್ಲಿ ನಾನೂ ಒಬ್ಬ. ಅವರ ಪ್ರಾಮಾಣಿಕತೆಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವರ ಪ್ರಾಮಾಣಿಕತೆಗೆ ಸಾಕ್ಷಿ ನುಡಿಯಬಲ್ಲ ಪುಟವೊಂದು ಅವರ ಬಳಿ ಇರಲಿಲ್ಲವೆಂಬುದೇ ಆ ಸಂಕಟದ ಮೂಲ.

ಕಾನೂನಿನ ಭಯವೊಂದೇ ಲೆಕ್ಕಕ್ಕೆ ಕಾರಣವೆಂದು ಭಾವಿಸುವವರು ಗಮನಿಸತಕ್ಕ ಸಂಗತಿಯೊಂದಿದೆ. ಸೇವೆಯಾದರೆ ವರ್ಷಕ್ಕೆ 20 ಲಕ್ಷ, ಸರಕಾದರೆ 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯು ಕಡ್ಡಾಯವಲ್ಲ; 2 ಕೋಟಿಯೊಳಗಿನ ಚಿಕ್ಕ ವ್ಯಾಪಾರಿಯು ವಹಿವಾಟಿನ ನೂರಕ್ಕೆ 8ರಷ್ಟನ್ನು, ಬ್ಯಾಂಕಿನ ಮೂಲಕ ಬಂದುದಾದರೆ 6ರಷ್ಟನ್ನು ಆದಾಯವೆಂದು ಒಪ್ಪಿಕೊಂಡರೆ, ವಿವರವಾದ ಪುಸ್ತಕಗಳ ಹೊಣೆಯಿಂದ ಆದಾಯ ತೆರಿಗೆಯ ಕಾನೂನು ಅವನನ್ನು ಬಿಡಿಸುತ್ತದೆ. ಎರಡು ಕೋಣೆಯ ಹೋಂಸ್ಟೇಯವನನ್ನು ಸರ್ಕಾರವು ಬಹಳವಾಗಿ ಏನೂ ಕೇಳುತ್ತಿಲ್ಲ. ಹಾಗಿದ್ದೂ ಅವನು ಬರೆಯಬೇಕಾದುದು ತನ್ನ ಸಲುವಾಗಿ, ತನ್ನನ್ನು ನಂಬಿ ಸಾಮಾನು ಕೊಟ್ಟ ಕಿರಾಣಿಯವನ ಸಲುವಾಗಿ, ಕೋಣೆ ಗುಡಿಸಲು ಬರುವ ಹೆಂಗಸಿನ ಕೂಲಿ ಒಂದು ದಿನವೂ ಮರೆಯದಿರುವ ಸಲುವಾಗಿ.

ಈಗ ಉಪಕರಣದ ವಿಚಾರ. ಬೆಂಗಳೂರಿನಲ್ಲಿ 1986ರಿಂದ ಬೆಳೆದುಬಂದ ಟ್ಯಾಲಿಯು ಸಮರ್ಥವಾದುದು, ನಮ್ಮ ತೆರಿಗೆ ಸಲಹೆಗಾರರೆಲ್ಲರೂ ಅದನ್ನು ಬಲ್ಲರು; ಆದರೆ ಒಬ್ಬನ ಬಳಕೆಯ ಪರವಾನಗಿಗೆ 20,000 ರೂಪಾಯಿಗೂ ಮೇಲೆ ತೆರಬೇಕಾದ ಅದು, ಗೋದಾಮಿಲ್ಲದ, ಗುಮಾಸ್ತನಿಲ್ಲದ ಕಾಯಕಕ್ಕೆ ಲಕ್ಕಮ್ಮನು ಹಿಂದಕ್ಕೆ ಕಳುಹಿಸುತ್ತಿದ್ದ ಅಕ್ಕಿಯೇ ಸರಿ. ವ್ಯಾಪಾರ್ ಮೊದಲಾದವು ಬಿಲ್ಲು ಬರೆಯುವವರಿಗೆ ಅನುಕೂಲ. ಖಾತಾಬುಕ್ ಎಂಬುದು ಫೋನಿನಲ್ಲಿಯೇ, ಕನ್ನಡದಲ್ಲಿಯೇ, ಯಾರಿಂದ ಎಷ್ಟು ಬರಬೇಕೆಂಬುದನ್ನು ಇಟ್ಟುಕೊಳ್ಳುತ್ತದೆ. ಉದ್ರಿಯೇ ಮುಖ್ಯವಾದ ಅಂಗಡಿಗೆ ಅಷ್ಟು ಸಾಕಾದೀತು. ಗ್ನೂಕ್ಯಾಶ್ ಎಂಬ ಸ್ವತಂತ್ರ ತಂತ್ರಾಂಶಕ್ಕೆ ಬೆಲೆಯಿಲ್ಲ. ಕಂಪ್ಯೂಟರು ಬೇಕು, ಜಮಾ ಖರ್ಚುಗಳ ಇಮ್ಮಡಿ ಪದ್ಧತಿಯನ್ನು ಕಲಿಯುವ ತಾಳ್ಮೆಯೂ ಬೇಕು. ಆದರೆ ಬರೆದುದೆಲ್ಲ ತನ್ನ ಯಂತ್ರದಲ್ಲಿಯೇ ಉಳಿಯುತ್ತದೆ. ಲಿಬ್ರೆಆಫೀಸಿನ ಗೆರೆಹಾಳೆಯಲ್ಲಿ ಆರು ಕಂಬಗಳನ್ನೆಳೆದು ಕಿರ್ದಿಯನ್ನೇ ಇಳಿಸಿಕೊಳ್ಳುವುದೂ ಗೌರವದ ಮಾರ್ಗವೇ.

ಜೋಯಿಡಾದವನು ಮೊದಲು ಕೇಳಬೇಕಾದ ಪ್ರಶ್ನೆಯನ್ನು ಬೆಂಗಳೂರಿನವನು ಕೇಳಲಾರನು: ನೆಟ್‌ವರ್ಕ್ ಇಲ್ಲದಾಗ ಇದು ಬರೆದುಕೊಳ್ಳುತ್ತದೆಯೇ? ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ತೂ ಸಿಗ್ನಲ್ಲೂ ಇಲ್ಲದ ಕಾಡಿನ ಹಳ್ಳಿಗಳಲ್ಲಿ, ದೂರದ ಸರ್ವರಿನಲ್ಲಿ ಮಾತ್ರ ತೆರೆಯುವ ಪುಸ್ತಕವೆಂದರೆ ಪರರ ಕಪಾಟಿನಲ್ಲಿ ಬೀಗ ಹಾಕಿಟ್ಟ ಪುಸ್ತಕ. ಎರಡನೆಯದು, ಬರೆದದ್ದನ್ನೆಲ್ಲ ಒಮ್ಮೆಗೇ ಹೊರತೆಗೆದು ಕಾಗದದ ಮೇಲೆ ಮುದ್ರಿಸಿಕೊಳ್ಳಲು ಬರುತ್ತದೆಯೇ, ಕಂಪನಿ ನಾಳೆ ಮುಚ್ಚಿದರೂ ಲೆಕ್ಕ ಉಳಿಯುತ್ತದೆಯೇ ಎಂಬುದು. ಪುಕ್ಕಟೆ ಕೊಡುವವನು ಏನನ್ನು ಪಡೆಯುತ್ತಾನೆಂಬುದನ್ನೂ ವಿಚಾರಿಸತಕ್ಕದ್ದು; ಯಾವ ಗಿರಾಕಿ ಎಷ್ಟು ಬಾಕಿ ಉಳಿಸಿಕೊಂಡಿದ್ದಾನೆಂಬುದು ವ್ಯಾಪಾರಿಯ ಗುಟ್ಟಿಗಿಂತ ಹೆಚ್ಚಾಗಿ ಆ ಗಿರಾಕಿಯ ಮಾನದ ಸಂಗತಿ, ಅದನ್ನು ಮೂರನೆಯವರಿಗೆ ಒಪ್ಪಿಸುವ ಅಧಿಕಾರ ನಮಗಿದೆಯೆಂದು ನಾನು ನಂಬಲಾರೆ.

ಉದ್ರಿಯ ಪುಟದಲ್ಲಿಯೇ ಧರ್ಮಸೂಕ್ಷ್ಮವೆಲ್ಲ ಇರುವುದು. ಖಾತಾಬುಕ್ಕಿನಂಥ ತಂತ್ರಾಂಶಗಳು ಬಾಕಿ ಬರೆದೊಡನೆ ಗಿರಾಕಿಯ ಫೋನಿಗೆ ಸಂದೇಶ ಕಳುಹಿಸುತ್ತವೆ, ಗಡುವು ಮೀರಿದರೆ ನೆನಪು ಮಾಡುತ್ತವೆ. ಒಂದೇ ಫೋನು ಮನೆಯವರೆಲ್ಲರ ಕೈಯಲ್ಲಿ ಓಡಾಡುವ ಕಡೆ, ಹೆಂಡತಿಯು ಹಬ್ಬಕ್ಕೆಂದು ಹೊಲಿಸಿದ ಬ್ಲೌಸಿನ ಬಾಕಿಯು ಗಂಡನ ಕಣ್ಣಿಗೆ, ಅತ್ತೆಯ ಕಣ್ಣಿಗೆ ಬಿದ್ದರೆ ಆಗುವ ನೋವನ್ನು ಯಂತ್ರವು ಅರಿಯದು. ಆಷಾಢ ಶ್ರಾವಣಗಳಲ್ಲಿ ಕುಣಬಿ ಒಕ್ಕಲಿನ ಮನೆಯಲ್ಲಿ ಕೈಯಲ್ಲಿ ಕಾಸಿರುವುದಿಲ್ಲವೆಂಬುದು, ಸುಗ್ಗಿಯಾದ ಮೇಲೆ ಅವರಾಗಿಯೇ ತಂದುಕೊಡುವರೆಂಬುದು ಹೊಲಿಗೆಯಾಕೆಗೆ ಗೊತ್ತು. ಆದುದರಿಂದ ತಂತ್ರಾಂಶವನ್ನು ಆರಿಸುವಾಗ ಆ ಸಂದೇಶಗಳನ್ನು ನಿಲ್ಲಿಸಲು ಬರುವುದೇ ಎಂಬುದನ್ನು ನೋಡಿ, ಬರುವುದಾದರೆ ಮೊದಲ ದಿನವೇ ನಿಲ್ಲಿಸಿ, ಕೇಳುವುದಿದ್ದರೆ ಸಂತೆಯ ದಿನ ತಾನೇ ಕೇಳುವುದು ಮೇಲು. ಇನ್ನು ಎಂದಿಗೂ ಬಾರದ ಬಾಕಿಗಳುಂಟು. ಗಂಡ ಸತ್ತವಳದು, ಊರು ಬಿಟ್ಟು ಗೋವೆಯ ಕೂಲಿಗೆ ಹೋದವನದು. ಅವನ್ನು ಅಳಿಸಿಹಾಕದೆ, ಬಿಟ್ಟುಕೊಟ್ಟದ್ದು ಎಂಬ ಪ್ರತ್ಯೇಕ ಖಾತೆಯನ್ನು ತೆರೆದು ಅಲ್ಲಿಗೆ ತೆಗೆದುಕೊಂಡು ಹೋಗಲು ಅವಕಾಶವಿರಬೇಕು. ಆ ಖಾತೆಯ ಮೊತ್ತವನ್ನು ದೀಪಾವಳಿಯಲ್ಲಿ ಪುಸ್ತಕಪೂಜೆಗೆ ಮೊದಲು ಕೂಡಿ ನೋಡಿ, ಬರುವ ವರ್ಷ ಹೊಲಿಗೆಯ ದರವನ್ನು ಹತ್ತು ರೂಪಾಯಿ ಏರಿಸದೆ ನಡೆದೀತೇ ಎಂಬುದನ್ನು ಆಕೆ ಗೊತ್ತುಮಾಡಿಕೊಳ್ಳಬಹುದು.