ಕಡಿದ ದಾರಿಯ ಋಣ

ಕೆಡುಕು ಮಾಡುವುದನ್ನು ನಿಲ್ಲಿಸಿದ ಮಾತ್ರಕ್ಕೆ ಮಾಡಿದ ಕೆಡುಕು ತೀರಿತೆ? ನಮ್ಮ ಹಿರಿಯರು ಋಣವೆಂಬ ಮಾತನ್ನು ಹಣಕಾಸಿಗಷ್ಟೇ ಮೀಸಲಿಡಲಿಲ್ಲ. ದೇವಋಣ, ಋಷಿಋಣ, ಪಿತೃಋಣ ಎಂದೆಣಿಸಿದವರೇ ಭೂತಯಜ್ಞವನ್ನೂ ನಿತ್ಯಕರ್ಮದಲ್ಲಿ ಸೇರಿಸಿ, ಮೂಕಪ್ರಾಣಿಗಳಿಗೂ ಸಲ್ಲಬೇಕಾದುದುಂಟೆಂದು ನೆನಪಿಸಿದರು. ಹೊಸ ಸಾಲ ಮಾಡದವನು ಋಣಮುಕ್ತನಲ್ಲ. ಹಳೆಯದನ್ನು ತೀರಿಸಿದವನು ಮಾತ್ರ ಮುಕ್ತ. ಈ ಮಾತು ಕಾಡಿಗೂ ಸಲ್ಲುತ್ತದೆಯೇ ಎಂಬ ಪ್ರಶ್ನೆಯನ್ನು ದೂರದ ಕೆನಡಾ ದೇಶದ ಪ್ರಾಣಿಯೊಂದು ಇಂದು ನಮ್ಮ ಮುಂದಿಟ್ಟಿದೆ.

ಅದರ ಹೆಸರು ಕ್ಯಾರಿಬೂ. ಹಿಮಗಾಡಿ ಎಳೆಯುವ ರೇನ್‌ಡೀರ್‌ನ ಕುಲವೇ ಇದರದೂ. ಆ ದೇಶದ 25 ಸೆಂಟಿನ ನಾಣ್ಯದ ಮೇಲೆ ಇದರ ಮುಖವಿದೆ. ಕಾಡಿನ ಕ್ಯಾರಿಬೂ ಚಳಿಗಾಲದಲ್ಲಿ ಹಳೆಯ ಕಾಡಿನ ಮರದಲ್ಲೂ ನೆಲದಲ್ಲೂ ಬೆಳೆಯುವ ಕಲ್ಲುಹೂವನ್ನು ತಿಂದು ಜೀವಿಸುತ್ತದೆ. ವರ್ಷಕ್ಕೆ ಹೆರುವುದು ಒಂದೇ ಮರಿ. ತೋಳಗಳಿಂದ ಪಾರಾಗಲು ಅದಕ್ಕಿರುವ ಮುಖ್ಯ ಉಪಾಯವೆಂದರೆ, ಬೇರೆ ಮೇಯುವ ಪ್ರಾಣಿಗಳು ಹೆಚ್ಚಾಗಿ ಬಾರದ ಹಳೆಯ ಕಾಡಿನಲ್ಲಿ, ಜವುಗು ನೆಲದಲ್ಲಿ, ಚದುರಿ ಬಾಳುವುದು. ಏಕಾಂತವೇ ಅದರ ಕೋಟೆ.

ಆ ಕೋಟೆಯನ್ನು ಒಡೆದವರು ಮನುಷ್ಯರು. ಕಳೆದ ಶತಮಾನದ ಮಧ್ಯಭಾಗದಿಂದ ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾ ಪ್ರಾಂತಗಳಲ್ಲಿ ತೈಲ ಮತ್ತು ಅನಿಲದ ಶೋಧಕ್ಕಾಗಿ ಕಾಡಿನ ಉದ್ದಕ್ಕೂ ನೇರ ಪಟ್ಟಿಗಳನ್ನು ಕಡಿದರು. ಮರ ಸಾಗಿಸಲು ರಸ್ತೆಗಳನ್ನು ತೆಗೆದರು. ಕೆಲಸ ಮುಗಿದು ಯಂತ್ರಗಳು ಹೊರಟುಹೋದವು, ದಾರಿ ಉಳಿಯಿತು. ದಶಕಗಳು ಕಳೆದರೂ ಅನೇಕ ಕಡೆ ಅಲ್ಲಿ ಮರ ಏಳಲಿಲ್ಲ. ಕಾಡು ಕಡಿದ ಬಯಲಿನ ಎಳೆ ಚಿಗುರಿಗೆ ಮೂಸ್ ಮತ್ತು ಜಿಂಕೆಗಳು ಬಂದವು. ಅವುಗಳನ್ನು ಅರಸಿ ತೋಳಗಳು ಹೆಚ್ಚಿದವು. ಕಾಡಿನೊಳಗಿಗಿಂತ ಇಂಥ ದಾರಿಯ ಮೇಲೆ ತೋಳ ಎರಡು ಮೂರು ಪಟ್ಟು ವೇಗವಾಗಿ ಸಾಗುತ್ತದೆ. ಹೀಗೆ ಕ್ಯಾರಿಬೂವಿನ ಬಾಗಿಲಿಗೆ ಮೃತ್ಯುವನ್ನು ಕರೆತಂದದ್ದು ದಾರಿ.

2012ರಲ್ಲಿ ಕೆನಡಾ ಸರ್ಕಾರವು ಉತ್ತರದ ಬೋರಿಯಲ್ ಕಾಡಿನ ಕ್ಯಾರಿಬೂಗಳ ಉಳಿವಿಗೆ ಯೋಜನೆಯೊಂದನ್ನು ಪ್ರಕಟಿಸಿತು. ಪ್ರತಿಯೊಂದು ನೆಲೆಯಲ್ಲಿ ಶೇಕಡಾ 65ರಷ್ಟಾದರೂ ಕೆಡದ ಕಾಡಿರಬೇಕೆಂದು ಅದು ಹೇಳಿತು. ಅಷ್ಟಿದ್ದರೂ ಹಿಂಡು ತಾನಾಗಿ ಉಳಿಯುವ ಸಂಭವ ನೂರಕ್ಕೆ 60 ಮಾತ್ರ. ಆದುದರಿಂದ ಹೊಸ ದಾರಿ ಕಡಿಯದಿದ್ದರೆ ಸಾಲದು, ಹಳೆಯ ದಾರಿಯನ್ನು ಕಾಡಿಗೆ ಹಿಂದಿರುಗಿಸಬೇಕು. ಗೇಟು ಹಾಕಿದರೆ ಜೀಪು ನಿಂತೀತು, ತೋಳ ನಿಲ್ಲದು. ಗಟ್ಟಿಯಾದ ನೆಲವನ್ನು ಯಂತ್ರದಿಂದ ಸಡಿಲಿಸಬೇಕು. ಜವುಗಿನಲ್ಲಿ ಮಣ್ಣಿನ ದಿಬ್ಬಗಳನ್ನೆಬ್ಬಿಸಿ ಅವುಗಳ ಮೇಲೆ ಸಸಿ ನೆಡಬೇಕು. ದಾರಿಗೆ ಅಡ್ಡಲಾಗಿ ಮರಗಳನ್ನು ಕೆಡವಬೇಕು. ಮೋರಿಗಳನ್ನು ಕಿತ್ತು ತೊರೆಗೆ ಅದರ ಪಾತ್ರವನ್ನು ಮರಳಿ ಕೊಡಬೇಕು. ಎಲ್ಲವನ್ನೂ ಒಮ್ಮೆಗೇ ಮಾಡಲಾಗದು. ಯಾವ ದಾರಿ ಮೊದಲು ಎಂಬ ವಿವೇಚನೆ ಬೇಕು. ಆ ಚಳಿನೆಲದಲ್ಲಿ ಸಸಿ ಕಾಡಾಗಲು ದಶಕಗಳೇ ಬೇಕು.

ಕಠಿಣವಾದ ಧರ್ಮಪ್ರಶ್ನೆ ಏಳುವುದು ಇಲ್ಲಿಯೇ. ಮರ ಬೆಳೆಯುವವರೆಗೆ ಹಿಂಡು ಉಳಿಯಬೇಡವೆ? ಅದಕ್ಕಾಗಿ ಆಲ್ಬರ್ಟಾದ ಲಿಟಲ್ ಸ್ಮೋಕಿ ಪ್ರದೇಶದಲ್ಲಿ 2005ರಿಂದ ತೋಳಗಳನ್ನು ಕೊಲ್ಲಲಾಗುತ್ತಿದೆ. ದಾರಿ ಕಡಿದವನು ಮನುಷ್ಯ; ದಂಡ ತೆರುವುದು, ಆ ದಾರಿಯಲ್ಲಿ ನಡೆದ ತೋಳ! ಇದನ್ನು ನ್ಯಾಯವೆನ್ನಲು ನಮ್ಮ ಮನಸ್ಸು ಒಪ್ಪದು. ಹಾಗೆಂದು ಕೈಕಟ್ಟಿ ಕುಳಿತು, ಕೊನೆಯ ಕ್ಯಾರಿಬೂ ಸಾಯುವುದನ್ನು ನೋಡುವುದೂ ಧರ್ಮವಲ್ಲ. ನಮ್ಮ ನಿಲುವು ಇಷ್ಟು: ದಾರಿ ಮುಚ್ಚುವ ಕೆಲಸ ನಿಜವಾಗಿ ನಡೆಯುತ್ತಿದ್ದರೆ ಮಾತ್ರ ಆ ಹಿಂಸೆಯನ್ನು ಆಪದ್ಧರ್ಮವೆಂದು ಸಹಿಸಬಹುದು. ಒಂದು ಕಡೆ ತೋಳವನ್ನು ಕೊಲ್ಲುತ್ತ ಇನ್ನೊಂದು ಕಡೆ ಹೊಸ ದಾರಿ ಕಡಿಯುವುದಾದರೆ, ಅದು ಬಡ್ಡಿಯನ್ನು ಪರರಿಂದ ಕಟ್ಟಿಸಿ ತಾನು ಮತ್ತೆ ಸಾಲ ಎತ್ತಿದಂತೆ.

ಋಣ ತೀರಿಸುವ ದಾರಿಯನ್ನು ತೋರಿದವರೂ ಅಲ್ಲಿದ್ದಾರೆ. ಬ್ರಿಟಿಷ್ ಕೊಲಂಬಿಯಾದ ವೆಸ್ಟ್ ಮೋಬರ್ಲಿ ಮೂಲನಿವಾಸಿಗಳು ಕ್ಯಾರಿಬೂ ಕ್ಷೀಣಿಸುವುದನ್ನು ಕಂಡು, ಬೇಟೆಯ ಹಕ್ಕಿದ್ದರೂ 1970ರ ದಶಕದಲ್ಲಿ ತಾವಾಗಿಯೇ ಅದರ ಬೇಟೆಯನ್ನು ಬಿಟ್ಟರು. 2013ರಲ್ಲಿ ಕ್ಲಿನ್ಸೆ ಜಾ ಹಿಂಡಿನಲ್ಲಿ ನಲವತ್ತೂ ಉಳಿದಿರಲಿಲ್ಲ. ಮರುವರ್ಷದಿಂದ ಅವರು ನೆರೆಯ ಸೋಟೋ ಸಮುದಾಯದೊಡನೆ ಕೂಡಿ, ಗಬ್ಬವಾದ ಹೆಣ್ಣುಗಳನ್ನು ಬೆಟ್ಟದ ಮೇಲಿನ ಬೇಲಿಯೊಳಗೆ ತಂದು, ಕೈಯಾರೆ ಬಿಡಿಸಿದ ಕಲ್ಲುಹೂವನ್ನು ಉಣಿಸಿ, ಮರಿಗಳು ಚೇತರಿಸಿಕೊಳ್ಳುವವರೆಗೆ ಕಾದರು. ಅಲ್ಲಿಯೂ ತೋಳಗಳನ್ನು ತಗ್ಗಿಸಲಾಯಿತು; ಆದರೆ ಅದರೊಂದಿಗೆ ಹಳೆಯ ರಸ್ತೆಗಳನ್ನು ಕಾಡಾಗಿಸುವ ಕೆಲಸವೂ ಸಾಗಿತು; 2020ರಲ್ಲಿ ನೆಲದ ರಕ್ಷಣೆಗೆ ಸರ್ಕಾರಗಳೊಡನೆ ಒಪ್ಪಂದವೂ ಆಯಿತು. ಇಂದು ಆ ಹಿಂಡು ನೂರನ್ನು ದಾಟಿದೆ. ದಾರಿ ಕಡಿದವರು ಇವರಲ್ಲ ಎಂಬುದು ಗಮನಾರ್ಹ.

ವಯನಾಡಿನ ಕನ್ನಡಿಗರಾದ ನಮಗೆ ಈ ಪ್ರಶ್ನೆ ಹೊಸತಲ್ಲ. ಗುಂಡ್ಲುಪೇಟೆಯಿಂದ ಮುತ್ತಂಗದ ಮೂಲಕ ಸುಲ್ತಾನ್ ಬತ್ತೇರಿಗೆ ಬರುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿನೊಳಗೆ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷಿದ್ಧವಾಗಿದೆ. ಆನೆ, ಕಡವೆಗಳಿಗೆ ಆ ಒಂಬತ್ತು ಗಂಟೆಗಳ ನೆಮ್ಮದಿ ನ್ಯಾಯವಾದುದೆಂದು ನಾವು ಬಲ್ಲೆವು. ಗಡಿಯಾಚೆಗೆ ನಂಟರೂ ವ್ಯಾಪಾರವೂ ಇರುವವರ ತೊಂದರೆಯನ್ನೂ ಬಲ್ಲೆವು. ಆದುದರಿಂದಲೇ ಒಂದು ಮಾತನ್ನು ಸೇರಿಸಬೇಕೆನಿಸುತ್ತದೆ: ಕಾಡಿನ ಋಣವನ್ನು ಕಾಡಂಚಿನವರ ತಲೆಗೆ ಮಾತ್ರ ಕಟ್ಟಬಾರದು. ದಾರಿಯಿಂದ ಲಾಭ ಪಡೆದವರು, ಅವರೆಷ್ಟೇ ದೂರದ ನಗರದಲ್ಲಿದ್ದರೂ, ಅದರಲ್ಲಿ ಪಾಲುಗೊಳ್ಳಬೇಕು.

ದಾರಿ ಮಾಡುವುದು ಪುಣ್ಯವೆಂದು ನಂಬಿ ಬೆಳೆದವರು ನಾವು. ದಾರಿಯನ್ನು ಅಳಿಸುವುದೂ ಕೆಲವೊಮ್ಮೆ ಪುಣ್ಯವಾಗಬಲ್ಲದೆಂಬುದನ್ನು ಮುಂದಿನ ಪೀಳಿಗೆಗೆ ಕಲಿಸಬೇಕಾಗಿದೆ. ಆ ಪುಣ್ಯದ ನೆರಳನ್ನು ನೆಟ್ಟವರು ಕಾಣಲಾರರು, ಆದರೂ ನೆಡಬೇಕು.