ಇಂದಿನ ಧಮ್ಮ ಚಿಂತನೆ: ಕತ್ತಿ ಹಿಡಿಯದ ಧೈರ್ಯ



ಜೀವಹಿಂಸೆ ಮಾಡುವುದಿಲ್ಲ ಎಂಬ ಮೊದಲ ಶೀಲವನ್ನು ನಾವು ದಿನವೂ ಸ್ವೀಕರಿಸುತ್ತೇವೆ. ಹಾಗಾದರೆ ಯುದ್ಧದಲ್ಲಿ ಹೋರಾಡಿದ ನಮ್ಮ ಹಿರಿಯರನ್ನು ಹೇಗೆ ನೆನೆಯಬೇಕು? ಕೆಣಕಿದವರ ಮುಂದೆ ಕೈ ಎತ್ತದಿರುವುದು ಹೇಡಿತನವಲ್ಲವೇ? ನಮ್ಮ ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು.

ದೊಡ್ಡಗದ್ದವಳ್ಳಿ ಕಡೆಯ ಶಾಲಾ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆವು. ನಮ್ಮ ಯಗಚಿ ಹೇಮಾವತಿಗೆ ಸೇರುತ್ತದೆ, ಹೇಮಾವತಿ ಕನ್ನಂಬಾಡಿ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ಆ ಕಾವೇರಿಯ ದಡದಲ್ಲಿ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಈಗ ವಸ್ತುಸಂಗ್ರಹಾಲಯ. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ದೊಡ್ಡ ಚಿತ್ರವಿದೆ. ಹೈದರಾಲಿ, ಟಿಪ್ಪು ಗೆದ್ದ ಯುದ್ಧ ಅದು. ಸೋತ ಕಂಪನಿ ಸೇನೆಯ ನಡುವೆ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ.

ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಪಲ್ಲಕ್ಕಿ ಹೊತ್ತವರ ಹೆಸರೇನು?”

“ಅದನ್ನು ಯಾರೂ ಬರೆದಿಡಲಿಲ್ಲ ಮಗಳೇ” ಎಂದೆ.

ಬಂಧುಗಳೇ, ಹೆಸರು ಬರೆದಿಟ್ಟ ಒಂದು ಜಾಗ ನಮಗೆ ಗೊತ್ತು. ಅದೂ ನದಿಯ ದಡವೇ. 1818ರ ಜನವರಿ 1ರಂದು ಭೀಮಾ ತೀರದ ಕೋರೆಗಾಂವ್‌ನಲ್ಲಿ ನಡೆದ ಕದನದ ಸ್ತಂಭದ ಮೇಲೆ ಮಹಾರ್ ಸೈನಿಕರ ಹೆಸರುಗಳಿವೆ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋಗಿ ಗೌರವ ಸಲ್ಲಿಸಿದರು. ಅವರು ಸುಬೇದಾರ್ ರಾಮ್‌ಜಿ ಸಕ್ಪಾಲರ ಮಗ. ಸೈನಿಕರ ಶೌರ್ಯ ಅವರಿಗೆ ಮನೆಯ ಮಾತು. ಮುಟ್ಟಿಸಿಕೊಳ್ಳಬಾರದವರು ಎನಿಸಿಕೊಂಡವರು ಯಾರಿಗೂ ಕಡಿಮೆಯಲ್ಲ ಎಂಬುದಕ್ಕೆ ಆ ಕಲ್ಲು ಸಾಕ್ಷಿ.

ಮುಂದಿನದನ್ನು ಗಮನಿಸಿ. ಅದೇ ವರ್ಷ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಮುಟ್ಟಿ ಕುಡಿದರು, ಸಾವಿರಾರು ಜನ ಕುಡಿದರು. ಆಮೇಲೆ ಸವರ್ಣರ ಗುಂಪು ದೊಣ್ಣೆ ಹಿಡಿದು ಬಂದು ಊಟಕ್ಕೆ ಕುಳಿತವರನ್ನೂ ಹೊಡೆಯಿತು. ನಮ್ಮವರಲ್ಲಿ ಸೇನೆಯಿಂದ ನಿವೃತ್ತರಾಗಿದ್ದವರೂ ಇದ್ದರು. ತಿರುಗಿ ಹೊಡೆಯುವ ಕೈಬಲ ಅವರಿಗಿತ್ತು. ಬಾಬಾಸಾಹೇಬರು ಬೇಡ ಎಂದರು, ಅವರು ತಡೆದುಕೊಂಡರು. ಕೆರೆಯ ಮೊಕದ್ದಮೆ ಹತ್ತು ವರ್ಷ ನಡೆದು 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ನಮ್ಮ ಪರವಾಗಿ ತೀರ್ಮಾನವಾಯಿತು.

ಬಲವಿಲ್ಲದವನು ಸುಮ್ಮನಿದ್ದರೆ ಅದು ಭಯ. ಬಲವಿದ್ದೂ ಕೈ ತಡೆದು, ಹಕ್ಕನ್ನು ಮಾತ್ರ ಬಿಡದಿದ್ದರೆ ಅದು ಶೀಲ.

‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರು ಹೇಳುವ ಸಿದ್ಧಾರ್ಥನ ಗೃಹತ್ಯಾಗವೂ ನದಿಯ ನೀರಿನ ಕಥೆಯೇ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳವಾಯಿತು. ಸೇನಾಪತಿ ಯುದ್ಧ ಬೇಕೆಂದ. ಎರಡೂ ಕಡೆಯಿಂದ ತಲಾ ಇಬ್ಬರು, ಆ ನಾಲ್ವರು ಆರಿಸುವ ಐದನೆಯವರು ಕೂತು ತೀರ್ಮಾನಿಸಲಿ ಎಂದ ಸಿದ್ಧಾರ್ಥ. ಸಂಘದ ಬಹುಮತ ಯುದ್ಧದ ಕಡೆಗಿತ್ತು. ಆತನ ಮನೆಯವರಿಗೆ ಬಹಿಷ್ಕಾರ ಹಾಕುತ್ತೇವೆ, ಜಮೀನು ಕಿತ್ತುಕೊಳ್ಳುತ್ತೇವೆ ಎಂದು ಹೆದರಿಸಿದರು. ಆತ ಮನೆಯವರಿಗೆ ಶಿಕ್ಷೆಯಾಗದಂತೆ ನೋಡಿಕೊಂಡು ತಾನೇ ಪರಿವ್ರಾಜಕನಾಗಿ ಹೊರಟ. ಯುದ್ಧಕ್ಕೆ ಮಾತ್ರ ಒಪ್ಪಲಿಲ್ಲ.

ಬಹಿಷ್ಕಾರ ಎಂಬ ಮಾತು ನಮಗೆ ಪುಸ್ತಕದ್ದಲ್ಲ. ಕೂಲಿಗೆ ಕರೆಯಬೇಡಿ, ಅಂಗಡಿಯಲ್ಲಿ ಸಾಮಾನು ಕೊಡಬೇಡಿ ಎಂದರೆ ಏನೆಂದು ಕಾಲೋನಿಯ ಮಕ್ಕಳಿಗೂ ಗೊತ್ತು. ಅಂಥ ದಿನ ಬಂದರೆ ನಮ್ಮ ಹುಡುಗರು ಕೈಗೆ ದೊಣ್ಣೆ ತೆಗೆದುಕೊಳ್ಳುವುದು ಬೇಡ, ಪೆನ್ನು ತೆಗೆದುಕೊಳ್ಳಲಿ. ದಿನಾಂಕ, ಆಡಿದ ಮಾತು, ಸಾಕ್ಷಿಗಳ ಹೆಸರು ಬರೆದಿಡಲಿ. ಹಿರಿಯರನ್ನು ಜೊತೆಗೆ ಕರೆದುಕೊಂಡು ಠಾಣೆಗೆ ಹೋಗಲಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಬಹಿಷ್ಕಾರ ಹಾಕುವುದಷ್ಟೇ ಅಲ್ಲ, ಹಾಕುತ್ತೇವೆಂದು ಬೆದರಿಸುವುದೂ ಅಪರಾಧ.

ಇಂದಿನ ಅಭ್ಯಾಸ: ಸಂಜೆ ವಂದನೆಯಲ್ಲಿ ಮೊದಲ ಶೀಲವನ್ನು ಹೇಳಿದ ಮೇಲೆ ಎರಡು ನಿಮಿಷ ಸುಮ್ಮನೆ ಕುಳಿತು, ಯಾರ ಮೇಲೆ ಸಿಟ್ಟಿದೆಯೋ ಅವರನ್ನು ನೆನೆಯಿರಿ. ಅವರಿಗೆ ಕೇಡು ಬಯಸದೆ ನನ್ನ ನ್ಯಾಯವನ್ನು ಪಡೆಯುವ ದಾರಿ ಯಾವುದು ಎಂದು ಕೇಳಿಕೊಳ್ಳಿ. ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. ನಮೋ ಬುದ್ಧಾಯ.