ಕಾಮ, ಹದಿಹರೆಯ ಮತ್ತು ರಂಗದ ಉಪದೇಶ

ಪುರುಷಾರ್ಥಗಳ ಎಣಿಕೆಯಲ್ಲಿ ಕಾಮಕ್ಕೆ ಧರ್ಮಾರ್ಥಗಳ ಜೊತೆಗೇ ಸ್ಥಾನ ಕೊಟ್ಟ ಪರಂಪರೆಯಲ್ಲಿ ಅದೇ ಕಾಮದ ವಿಷಯವನ್ನು ಹದಿಹರೆಯದವರ ಮುಂದೆ ಎತ್ತಲು ಹಿರಿಯರು ಹಿಂಜರಿಯುವುದೇಕೆ ಎಂಬ ಪ್ರಶ್ನೆ ಕರ್ನಾಟಕದಲ್ಲಿ ಬರಿಯ ತತ್ತ್ವಚರ್ಚೆಯಾಗಿ ಉಳಿದಿಲ್ಲ. ದೇಹದ ಬದಲಾವಣೆ, ಲೈಂಗಿಕ ಆರೋಗ್ಯ ಮತ್ತು ಎಚ್‌ಐವಿ ತಡೆಯನ್ನು ಶಾಲೆಗಳಲ್ಲಿ ಕಲಿಸಲೆಂದು 2005ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು ನಮ್ಮ ಸಂಸ್ಕೃತಿಗೆ ಒಗ್ಗದು ಎಂಬುದೇ ವಿರೋಧಿಗಳ ಮುಖ್ಯ ವಾದವಾಗಿತ್ತು. ಹಾಗೆ ವಾದಿಸಿದವರು ಆ ಸಂಸ್ಕೃತಿಯ ಕಾವ್ಯಮೀಮಾಂಸೆಯನ್ನು ಗಮನಕ್ಕೆ ತಂದುಕೊಂಡಂತೆ ಕಾಣುವುದಿಲ್ಲ.

ಕಾಶ್ಮೀರದ ಆಲಂಕಾರಿಕ ಮಮ್ಮಟನ ಪ್ರಕಾರ ಉಪದೇಶ ಮೂರು ಬಗೆ: ಒಡೆಯನಂತೆ ಆಜ್ಞಾಪಿಸುವ ಪ್ರಭುಸಮ್ಮಿತ, ಗೆಳೆಯನಂತೆ ತಿಳಿಹೇಳುವ ಮಿತ್ರಸಮ್ಮಿತ, ನಲ್ಲೆಯಂತೆ ಒಲಿಸಿಕೊಂಡು ಮನಸ್ಸನ್ನು ತಿರುಗಿಸುವ ಕಾಂತಾಸಮ್ಮಿತ. ಕಾವ್ಯದ್ದು ಮೂರನೆಯದು. ಎಚ್‌ಐವಿ ಕುರಿತ ಆರಂಭಿಕ ಪ್ರಚಾರ ‘ಮಾರಕ ರೋಗ’ ಎಂಬ ಬೆದರಿಕೆಯ ಮೂಲಕ ಮೊದಲನೆಯ ದಾರಿಯನ್ನೇ ಹಿಡಿಯಿತು, ಮತ್ತು ಆ ಭಯ ವೈರಾಣುವಿನ ಮೇಲಿರದೆ ಸೋಂಕಿತರ ಮೇಲೆ ತಿರುಗಿತು.

ರಂಗಭೂಮಿ ಬೇರೆಯದೇ ರೀತಿಯಲ್ಲಿ ಕೆಲಸ ಮಾಡುತ್ತದೆ. ಭಟ್ಟನಾಯಕ ಪ್ರತಿಪಾದಿಸಿ ಅಭಿನವಗುಪ್ತ ಮುಂದುವರಿಸಿದ ಸಾಧಾರಣೀಕರಣ, ಅಂದರೆ ರಂಗದ ಮೇಲಿನ ಭಾವ ‘ನನ್ನದು’, ‘ಅವನದು’ ಎಂಬ ಗಡಿಗಳನ್ನು ಕಳಚಿ ಎಲ್ಲರಿಗೂ ಸಾಮಾನ್ಯವಾಗುವ ಸ್ಥಿತಿ, ಹದಿಹರೆಯದವರ ಮಟ್ಟಿಗೆ ದೊಡ್ಡ ಅನುಕೂಲ. ತನ್ನ ಹೆಸರಿನಲ್ಲಿ ಕೇಳಲು ನಾಚುವ ಪ್ರಶ್ನೆಯನ್ನು ಹುಡುಗಿಯೊಬ್ಬಳು ಪಾತ್ರದ ಬಾಯಲ್ಲಿ ಕೇಳಬಲ್ಲಳು. ಬಲವಂತ ಮಾಡುವ ಪ್ರಿಯಕರನಿಗೆ ‘ಬೇಡ’ ಎನ್ನುವ ಅಥವಾ ಕಾಂಡೋಮ್ ಬೇಕೆಂದು ಪಟ್ಟು ಹಿಡಿಯುವ ಮಾತು ಮೊದಲು ಪಾತ್ರದಲ್ಲಿ ಪಳಗುತ್ತದೆ.

ಆದರೆ ರಸವೊಂದೇ, ಅಂದರೆ ಸಾಧಾರಣೀಕರಣದಿಂದ ಒದಗುವ ಕಲಾನುಭವವೊಂದೇ, ಸಾಲದು. ರಸಾನುಭವ ಚಿತ್ತವಿಶ್ರಾಂತಿಯಲ್ಲಿ, ಅಂದರೆ ಮನಸ್ಸು ತಣಿದು ನಿಲ್ಲುವುದರಲ್ಲಿ, ನೆಲೆ ಕಾಣುತ್ತದೆ; ಆರೋಗ್ಯಕ್ಕಾದರೋ ನಡವಳಿಕೆ ಬದಲಾಗಬೇಕು. ಬ್ರೆಜಿಲಿನ ಆಗಸ್ಟೋ ಬೋಲ್ ರೂಪಿಸಿದ ಫೋರಂ ರಂಗಭೂಮಿಯಲ್ಲಿ ಪ್ರೇಕ್ಷಕ ಎದ್ದುಬಂದು ಪಾತ್ರವನ್ನು ವಹಿಸಿಕೊಂಡು ಕಥೆಯ ದಿಕ್ಕನ್ನೇ ಬದಲಿಸುವುದರಿಂದ ಈ ಕೊರತೆ ಬಹುಮಟ್ಟಿಗೆ ತುಂಬುತ್ತದೆ. 1975ರಲ್ಲಿ ಹುಟ್ಟಿದ ‘ಸಮುದಾಯ’ದಂಥ ತಂಡಗಳ ಬೀದಿನಾಟಕಗಳನ್ನು ಕಂಡ ಕನ್ನಡಿಗರಿಗೆ ಪ್ರೇಕ್ಷಕರ ನಡುವೆಯೇ ಆಡುವ ರಂಗಭೂಮಿ ಹೊಸದಲ್ಲ. (ನಾಟಕ ಮುಗಿದೊಡನೆ ಮೈಕು ಹಿಡಿದು ನೀತಿ ಬೋಧಿಸುವ ಮುಖ್ಯ ಅತಿಥಿಗಳು ಕಾಂತಾಸಮ್ಮಿತವನ್ನು ಮತ್ತೆ ಪ್ರಭುಸಮ್ಮಿತಕ್ಕೆ ಇಳಿಸಿಬಿಡುವುದೂ ಉಂಟು.) ನಾಟಕದೊಳಗಿನ ಸಂಗತಿಗಳು ಮಾತ್ರ ಸಂದಿಗ್ಧವಾಗಿರಬಾರದು: ಎಚ್‌ಐವಿ ರಕ್ಷಣೆಯಿಲ್ಲದ ಸಂಭೋಗದಿಂದ, ಹಂಚಿಕೊಂಡ ಸೂಜಿಯಿಂದ, ಸೋಂಕಿತ ರಕ್ತದಿಂದ, ತಾಯಿಯಿಂದ ಮಗುವಿಗೆ ಹರಡಬಹುದೇ ಹೊರತು ಸೊಳ್ಳೆಯಿಂದಾಗಲಿ ಜೊತೆಗೆ ಕೂತು ಉಣ್ಣುವುದರಿಂದಾಗಲಿ ಅಲ್ಲ.

ಬ್ರಹ್ಮಚರ್ಯದ ಆದರ್ಶವನ್ನು ನಂಬುವವರಿಗೂ ಇಂಥ ರಂಗಶಿಕ್ಷಣದಲ್ಲಿ ಆಕ್ಷೇಪಕ್ಕೆ ಕಾರಣವಿಲ್ಲ, ಏಕೆಂದರೆ ಅರಿಯದವನ ಸಂಯಮ ಸಂಯಮವೆನಿಸದು. ಬೆಂಗಳೂರಿನ ಉಲ್ಲಾಳಕ್ಕೆ ಹತ್ತಿರದ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರವೇ ಇರುವಾಗ, ಈ ಭಾಗದ ಪ್ರೌಢಶಾಲೆಗಳು ಇಂಥ ನಾಟಕ ಆಡಿಸಲು ಪಳಗಿದ ರಂಗಕರ್ಮಿಗಳಿಗಾಗಿ ದೂರ ಹುಡುಕಬೇಕಾಗಿಲ್ಲ. ಅಂಥ ಪ್ರದರ್ಶನವನ್ನು ಏರ್ಪಡಿಸುವ ಶಾಲೆಗಳು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಉಚಿತ ಸಹಾಯವಾಣಿ 1097ನ್ನು ಮಕ್ಕಳಿಗೆ ತಿಳಿಸಬೇಕು.